ಚಾರಣದ ಕಾಲವೇ ಉಣುಗಿನ ಕಾಲ

ಮಲೆನಾಡಿಗೆ ಚಾರಣಕ್ಕೆಂದು ಬರುವವರು ಫೋನ್ ಮಾಡಿದಾಗ ಕೇಳುವ ಮೊದಲ ಪ್ರಶ್ನೆ, ‘ಸರ್, ಉಂಬಳ ಇದೆಯಾ?’ ಮಳೆಗಾಲವಾದರೆ ಇದೆ ಎನ್ನುತ್ತೇನೆ. ನಶ್ಯ, ಉಪ್ಪು, ಉದ್ದ ಕಾಲುಚೀಲ ಎಲ್ಲ ಹೊಂದಿಸಿಕೊಂಡೇ ಬರುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಕೇಳಿದವರಿಗೆ ಇಲ್ಲ ಎಂದರೆ ಸಾಕು, ಚಡ್ಡಿ ಹಾಕಿ ಹೊರಟು ನಿಲ್ಲುತ್ತಾರೆ. ಉಣುಗಿನ ಮಾತನ್ನು ಯಾರೂ ಎತ್ತುವುದಿಲ್ಲ. ಉಂಬಳ ಹೊಟ್ಟೆ ತುಂಬಿದ ಮೇಲೆ ತಾನೇ ಉದುರಿ ಹೋಗುತ್ತದೆ. ಕಚ್ಚಿದ ಜಾಗ ಒಂದಷ್ಟು ದಿನ ತುರಿಸುತ್ತದೆ, ಅಷ್ಟೇ. ಮಳೆ ನಿಂತು, ಹುಲ್ಲು ಒಣಗಿ, ಗುಡ್ಡ ಹತ್ತಲು ಹಿತವಾದ ಹವೆ ಶುರುವಾಗುತ್ತದಲ್ಲ, ಅದೇ ಹೊತ್ತಿಗೆ ಕಾಡಿನಲ್ಲಿ ಉಣುಗಿನ ಮರಿಗಳೂ ಏಳುತ್ತವೆ. ಅವುಗಳಲ್ಲಿ ಕೆಲವು ಮಂಗನ ಕಾಯಿಲೆಯ ವೈರಾಣುವನ್ನು ಹೊತ್ತಿರುತ್ತವೆ.

ನಾನು ಸಾಗರದ ಕಡೆಯವನು. ಆರೋಗ್ಯ ಇಲಾಖೆಯಲ್ಲಿ ಸಹಾಯಕನಾಗಿ ದುಡಿದು ನಿವೃತ್ತನಾದವನು. ನೌಕರಿಯ ಬಹುಪಾಲು ಕಳೆದದ್ದು ಕಾಡಂಚಿನ ಊರುಗಳಲ್ಲಿ. ಈಗ ಕೊಡಚಾದ್ರಿ, ಕವಲೇದುರ್ಗಕ್ಕೆ ಬರುವ ಹುಡುಗ ಹುಡುಗಿಯರಿಗೆ ದಾರಿ ತೋರಿಸಲು ಜೊತೆಗೆ ಹೋಗುತ್ತೇನೆ. ಹೊರಡುವ ಮುಂಚೆ ಉಣುಗಿನ ವಿಷಯ ಹೇಳದೆ ಒಬ್ಬರನ್ನೂ ಮುಂದೆ ಬಿಡುವುದಿಲ್ಲ.

ನೌಕರಿಯಲ್ಲಿದ್ದಾಗ ಉಣುಗು ಹಿಡಿಯುವ ಕೆಲಸವನ್ನೂ ಮಾಡಿದ್ದೇನೆ. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ, ದರಗಿನ, ಅಂದರೆ ಉದುರಿದ ಒಣ ಎಲೆಗಳ ಮೇಲೆ, ಪೊದೆಗಳ ಬುಡದಲ್ಲಿ ಎಳೆದುಕೊಂಡು ಹೋಗಬೇಕು. ಸ್ವಲ್ಪ ದೂರಕ್ಕೊಮ್ಮೆ ಬಟ್ಟೆ ಮಗುಚಿ ನೋಡಿ, ಅಂಟಿಕೊಂಡದ್ದನ್ನು ಚಿಮುಟದಿಂದ ಎತ್ತಿ ಗಾಜಿನ ನಳಿಗೆಗೆ ಹಾಕಿ, ಜಾಗದ ಹೆಸರು ಬರೆದು ಪ್ರಯೋಗಾಲಯಕ್ಕೆ ಕಳಿಸುವುದು. ಬರಿಗಣ್ಣಿಗೆ ಕಾಡಿನ ನೆಲದಲ್ಲಿ ಏನೂ ಕಾಣುವುದಿಲ್ಲ. ಅದೇ ನೆಲದ ಮೇಲೆ ಬಟ್ಟೆ ಎಳೆದರೆ ಕಾಣುತ್ತದೆ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಅದಕ್ಕೆ ಆರೇ ಕಾಲು. ಅವು ನೂರಾರು ಒಟ್ಟಾಗಿ ಒಂದೇ ಎಲೆಯ ತುದಿಯಲ್ಲಿ ಕೂತಿರುತ್ತವೆ. ಆ ಎಲೆಗೆ ಬಟ್ಟೆ ತಾಗಿದರೆ ಕಂದು ಬಣ್ಣದ ಕಲೆ ಮೂಡುತ್ತದೆ, ನೋಡನೋಡುತ್ತಿದ್ದಂತೆ ಆ ಕಲೆ ಹರಡತೊಡಗುತ್ತದೆ. ಒಮ್ಮೆ ರಕ್ತ ಹೀರಿ ಪೊರೆ ಕಳಚಿದ ಮೇಲೆ ಎಂಟು ಕಾಲಿನ ಮರಿಯಾಗುತ್ತದೆ, ಗಸಗಸೆ ಕಾಳಿನಷ್ಟು. ಮನುಷ್ಯರಿಗೆ ಮಂಗನ ಕಾಯಿಲೆ ತಗಲಿಸುವುದು ಹೆಚ್ಚಾಗಿ ಈ ಎರಡನೇ ಹಂತದ ಮರಿಯೇ.

ಉಣುಗು ಮರದಿಂದ ಉದುರುತ್ತದೆ ಎಂದು ನಂಬಿದವರು ಬಹಳ. ಅದು ಉದುರುವುದಿಲ್ಲ, ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಹುಲ್ಲಿನ ತುದಿಗೋ ಗಿಡದ ಎಲೆಯ ಅಂಚಿಗೋ ಹತ್ತಿ, ಹಿಂಗಾಲುಗಳಲ್ಲಿ ಭದ್ರವಾಗಿ ಹಿಡಿದುಕೊಂಡು, ಮುಂಗಾಲುಗಳನ್ನು ಚಾಚಿ ಕಾಯುತ್ತದೆ. ಮುಂಗಾಲಿನ ತುದಿಯ ಹತ್ತಿರ ಅದಕ್ಕೆ ಸಣ್ಣದೊಂದು ಕುಳಿ ಇದೆ. ಹ್ಯಾಲರ್‌ನ ಅಂಗ ಎಂದು ಕರೆಯುತ್ತಾರೆ. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ಬೆವರಿನ ವಾಸನೆ ಎಲ್ಲವೂ ಅದಕ್ಕೆ ಅಲ್ಲಿಂದಲೇ ತಿಳಿಯುತ್ತದೆ. ಬಟ್ಟೆಯ ಮೇಲೆ ಅಲ್ಲಾಡದೆ ಕೂತ ಉಣುಗಿನ ಮೇಲೆ ಮೆಲ್ಲಗೆ ಉಸಿರು ಬಿಟ್ಟು ನೋಡಿದ್ದೇನೆ. ಮುಂಗಾಲೆರಡನ್ನೂ ಎತ್ತಿ ಆಡಿಸುತ್ತ ಉಸಿರು ಬಂದ ದಿಕ್ಕಿಗೇ ತಿರುಗುತ್ತದೆ.

ಇದನ್ನು ತಿಳಿದುಕೊಂಡರೆ ಎಲ್ಲಿ ಹುಷಾರಾಗಿರಬೇಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ. ಬಿಸಿಲು ಬೀಳುವ ಅಗಲ ದಾರಿಯ ನಡುವೆ ನಡೆಯುವವರಿಗೆ ಅಪಾಯ ಕಡಿಮೆ. ಎರಡೂ ಕಡೆ ಲಂಟಾನ ಮುಚ್ಚಿಕೊಂಡ ಕಾಲುದಾರಿ, ದನ ಓಡಾಡುವ ಹಾದಿ, ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಅಂಚು, ಇಲ್ಲೆಲ್ಲ ಹೆಚ್ಚು. ಎಲ್ಲಕ್ಕಿಂತ ಹೆಚ್ಚಿನ ಅಪಾಯ ಕೂರುವ ಜಾಗದಲ್ಲಿ. ಮರದ ನೆರಳಿನಲ್ಲಿ ದರಗಿನ ಮೇಲೆ ಬ್ಯಾಗಿಟ್ಟು, ಅದಕ್ಕೆ ತಲೆ ಆನಿಸಿ ಅರ್ಧ ಗಂಟೆ ಮಲಗಿದರೆ ಆಸುಪಾಸಿನ ಉಣುಗಿಗೆಲ್ಲ ನಾವೇ ಹೇಳಿ ಕಳಿಸಿದ ಹಾಗೆ. ಬುತ್ತಿ ಬಿಚ್ಚುವುದಿದ್ದರೆ ಬಂಡೆಯ ಮೇಲೆ ಕೂರಿ. ಅದು ಸಿಗದಿದ್ದರೆ ತಿಳಿ ಬಣ್ಣದ ತಾಡಪಾಲು ಹಾಸಿ, ಏಳುವಾಗ ಅದನ್ನು ನೋಡಿ ಮಡಚಿ.

ಹಂಗಾಮಿನ ಲೆಕ್ಕ ಹೀಗಿದೆ. ಮಂಗನ ಕಾಯಿಲೆ ಹರಡುವ ಮುಖ್ಯ ಉಣುಗು ಹೀಮಾಫೈಸಾಲಿಸ್ ಸ್ಪೈನಿಜೆರಾ. ಮಳೆಗಾಲದಲ್ಲಿ ಬಲಿತ ಉಣುಗು ದನ, ಕಾಟಿಯಂಥ ದೊಡ್ಡ ಪ್ರಾಣಿಗಳ ಮೈಯಲ್ಲಿ ರಕ್ತ ಹೀರಿ, ನೆಲಕ್ಕೆ ಬಿದ್ದು ಮೊಟ್ಟೆ ಇಡುತ್ತದೆ. ಮಳೆ ಹಿಂದೆ ಸರಿದ ಮೇಲೆ ಆರು ಕಾಲಿನ ಮರಿಗಳು ಹೊರಬಂದು ಇಲಿ, ಹೆಗ್ಗಣ, ಮೂಗಿಲಿ, ಹಕ್ಕಿಗಳನ್ನು ಹಿಡಿಯುತ್ತವೆ. ವೈರಾಣು ಇರುವ ಪ್ರಾಣಿಯ ರಕ್ತ ಕುಡಿದ ಮರಿ ಪೊರೆ ಕಳಚಿದರೂ ವೈರಾಣು ಅದರೊಳಗೇ ಉಳಿಯುತ್ತದೆ. ನವೆಂಬರಿನಿಂದ ಮೇ ತನಕ ಎಂಟು ಕಾಲಿನ ಮರಿಗಳ ಕಾಲ, ಜನವರಿಯಿಂದ ಮಾರ್ಚ್‌ವರೆಗೆ ತೀರಾ ಜೋರು. ನಮ್ಮ ಗುಡ್ಡಗಳಿಗೆ ಬೆಂಗಳೂರಿನ ಬಸ್ಸುಗಳು ತುಂಬಿ ಬರುವುದೂ ಆಗಲೇ.

ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲಿನ ಜನ ಜ್ವರದಲ್ಲಿ ಮಲಗಿದರು. ಮಂಗಗಳು ಸಾಯುತ್ತಿವೆ ಎಂದಾಗ ಆಫ್ರಿಕಾದ ಹಳದಿ ಜ್ವರ ಬಂತೇ ಎಂಬ ಭಯ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿ, ಇದು ರಷ್ಯಾ ಕಡೆಯ ಉಣುಗಿನ ಜ್ವರದ ವೈರಾಣುವಿಗೆ ದಾಯಾದಿಯಾದ ಹೊಸ ವೈರಾಣು ಎಂದು ಕಂಡುಹಿಡಿದರು. ಕಾಯಿಲೆಗೆ ಕಾಡಿನ ಹೆಸರೇ ಉಳಿಯಿತು, ಕ್ಯಾಸನೂರು ಫಾರೆಸ್ಟ್ ಡಿಸೀಸ್, ಅಂದರೆ ಕೆಎಫ್‌ಡಿ. ಅಲ್ಲಿಂದ ಅದು ಪಶ್ಚಿಮ ಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿದೆ. ಉತ್ತರ ಕನ್ನಡ, ಚಿಕ್ಕಮಗಳೂರು, ಬಂಡೀಪುರ, ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. 2019ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಅದು ಮಾಡಿದ ಅನಾಹುತವನ್ನು ಈ ಸೀಮೆಯವರು ಯಾರೂ ಮರೆತಿಲ್ಲ.

ಹಾಗೆಂದು ಕಾಡಿಗೇ ಬರಬೇಡಿ ಎನ್ನುವವನು ನಾನಲ್ಲ. ಎಲ್ಲ ಉಣುಗಿನಲ್ಲೂ ವೈರಾಣು ಇರುವುದಿಲ್ಲ. ಬಹಳಷ್ಟು ಕಡಿತ ಕೆಲವು ವಾರ ತುರಿಸುವ ಗಂಟಾಗಿ ಮುಗಿದು ಹೋಗುತ್ತದೆ. ಬನ್ನಿ, ಆದರೆ ಬಟ್ಟೆ ನೋಡಿಕೊಂಡು ಬನ್ನಿ. ತಿಳಿ ಬಣ್ಣದ ಉದ್ದ ಪ್ಯಾಂಟು, ಉದ್ದ ತೋಳಿನ ಅಂಗಿ. ಪ್ಯಾಂಟಿನ ತುದಿ ಕಾಲುಚೀಲದ ಒಳಗೆ, ಅಂಗಿ ಪ್ಯಾಂಟಿನ ಒಳಗೆ. ಉಣುಗು ಕೆಳಗಿಂದ ಮೇಲಕ್ಕೆ ಹತ್ತುವುದರಿಂದ ಹೀಗೆ ಮಾಡಿದರೆ ಅದು ಬಟ್ಟೆಯ ಹೊರಗೇ ಉಳಿಯುತ್ತದೆ, ತಿಳಿ ಬಣ್ಣದ ಮೇಲೆ ಕಣ್ಣಿಗೂ ಬೀಳುತ್ತದೆ. ಕಾಡಿಗೆ ಹೋಗುವ ಊರವರಿಗೆ ಆರೋಗ್ಯ ಇಲಾಖೆ ಡೆಪಾ ಎಣ್ಣೆ ಕೊಡುತ್ತದೆ. ಇದನ್ನು ರೂಪಿಸಿದ್ದು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯ. ಅಂಗಡಿಯಲ್ಲಿ ಸಿಗುವ ಡೀಟ್ ಇರುವ ಲೇಪವೂ ಆಗುತ್ತದೆ. ಬೆವರು ಹರಿದ ಹಾಗೆಲ್ಲ ಮತ್ತೆ ಹಚ್ಚಬೇಕು. ಪರ್ಮೆಥ್ರಿನ್ ಸಿಂಪಡಿಸಿ ಒಣಗಿಸಿದ ಬಟ್ಟೆ ಇನ್ನೂ ಒಳ್ಳೆಯದು, ಆದರೆ ಬಟ್ಟೆಗೆ ಸಿಂಪಡಿಸುವ ಪರ್ಮೆಥ್ರಿನ್ ಬಟ್ಟೆಗೆ ಮಾತ್ರ, ಮೈಗಲ್ಲ.

ಬಾದಾಮಿ, ರಾಮನಗರದಲ್ಲಿ ಹಗ್ಗ ಕಟ್ಟಿ ಬಂಡೆ ಹತ್ತುವ ಹುಡುಗರು ಒಮ್ಮೊಮ್ಮೆ ನಮ್ಮ ಕಡೆಗೂ ಬರುತ್ತಾರೆ. ಅವರಿಗೆ ಹೇಳುವುದು ಬೇರೆ ಇದೆ. ಬಂಡೆಯ ಮೇಲೆ ಉಣುಗಿಲ್ಲ, ಬಂಡೆಯ ಬುಡದಲ್ಲಿದೆ. ಕುರಿ, ಆಡು, ದನ ನೆರಳಿಗೆ ಬಂದು ಮಲಗುವುದು ಅಲ್ಲಿಯೇ, ನೀವು ಹಗ್ಗದ ಸುರುಳಿ ಬಿಚ್ಚಿ ಹರಡುವುದೂ ಅಲ್ಲಿಯೇ. ಸೊಂಟಕ್ಕೂ ತೊಡೆಗೂ ಬಿಗಿಯುವ ಹಾರ್ನೆಸ್ ಇದೆಯಲ್ಲ, ಮೇಲೆ ಹತ್ತುತ್ತಿರುವ ಉಣುಗು ಆ ಪಟ್ಟಿಗೆ ತಾಗಿ ನಿಂತು, ಅಲ್ಲೇ ಕಚ್ಚುತ್ತದೆ. ಬಿಗಿತದಿಂದ ಆದ ಕೆಂಪು ಎಂದುಕೊಂಡು ಅದನ್ನು ಯಾರೂ ನೋಡುವುದಿಲ್ಲ. ಬಯಲುಸೀಮೆಯ ಬಂಡೆಗಳ ಬಳಿ ಮಂಗನ ಕಾಯಿಲೆಯ ಭಯವಿಲ್ಲ. ಆದರೆ ಉಣುಗಿನಿಂದ ಬರುವ, ಮೈಮೇಲೆ ಚುಕ್ಕೆ ಏಳುವ ರಿಕೆಟ್ಸಿಯಾ ಜ್ವರ ನಮ್ಮ ರಾಜ್ಯದಲ್ಲಿ ಇದೆ. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಒಳ್ಳೆಯ ಔಷಧ ಉಂಟು. ಬೇಗ ಗುರುತಿಸಬೇಕು, ಅಷ್ಟೇ.

ಇಳಿದು ಬಂದ ಕೂಡಲೇ ಸ್ನಾನ. ನಮ್ಮ ಮನೆಗಳಲ್ಲಿ ದರಗು ಗುಡಿಸಿ ತಂದವರು ನೇರ ಬಚ್ಚಲಿಗೆ ಹೋಗಿ, ಬಟ್ಟೆ ಬಿಸಿನೀರಿನಲ್ಲಿ ಮುಳುಗಿಸಿ, ಹಂಡೆಯ ನೀರು ಖಾಲಿಯಾಗುವಷ್ಟು ಮೀಯುತ್ತಿದ್ದರು. ಚಾರಣಿಗರು ಅದೇ ಬಟ್ಟೆಯಲ್ಲಿ ರಾತ್ರಿ ಬಸ್ಸು ಹತ್ತಿ ಮಲಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೀಯುವಾಗ ಬೆರಳ ತುದಿಯಿಂದ ಇಡೀ ಮೈ ತಡವಿ ನೋಡಿ. ಕೂದಲಿನ ಅಂಚು, ಕಿವಿಯ ಹಿಂದೆ, ಕಂಕುಳು, ಹೊಕ್ಕಳು, ಸೊಂಟಪಟ್ಟಿಯ ಜಾಗ, ತೊಡೆಸಂದು, ಮಂಡಿಯ ಹಿಂದೆ. ಬೆನ್ನು ಮತ್ತು ನೆತ್ತಿಯನ್ನು ಇನ್ನೊಬ್ಬರಿಂದಲೇ ನೋಡಿಸಬೇಕು.

ಕಚ್ಚಿದ್ದು ಸಿಕ್ಕರೆ ಏನು ಮಾಡಬೇಕು? ಕಳೆದ ಚಳಿಗಾಲದಲ್ಲಿ ಗುಡ್ಡ ಇಳಿದು ಬಂದ ತಂಡದಲ್ಲಿ ಒಬ್ಬ ಹುಡುಗನ ಕಿವಿಯ ಹಿಂದೆ ಒಂದಿತ್ತು. ಗೆಳೆಯನೊಬ್ಬ ಲೈಟರ್ ಹಚ್ಚಿಯೇಬಿಟ್ಟಿದ್ದ. ‘ತಮ್ಮಾ, ಅದನ್ನ ಆರಿಸು’ ಎಂದೆ. ಬೆಂಕಿ, ಸುಣ್ಣ, ಸೀಮೆಎಣ್ಣೆ, ಬೀಡಿಯ ತುದಿ ಎಲ್ಲವೂ ನಮ್ಮಲ್ಲಿ ಹಿಂದಿನಿಂದ ಬಂದ ಉಪಾಯಗಳೇ. ಆದರೆ ಹಿಂಸೆಯಾದ ಉಣುಗು ಬಾಯಿ ಬಿಡುವ ಮೊದಲು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರಬಹುದು. ಚೂಪು ತುದಿಯ ಚಿಮುಟ ತೆಗೆದು, ಚರ್ಮಕ್ಕೆ ಒತ್ತಿಕೊಂಡ ಹಾಗೆ ಅದರ ಬಾಯಿಯ ಭಾಗವನ್ನೇ ಹಿಡಿದೆ. ಹೊಟ್ಟೆಯನ್ನು ಹಿಸುಕಬಾರದು. ತಿರುಚದೆ, ಜಗ್ಗದೆ, ನೇರ ಮೇಲಕ್ಕೆ ಒಂದೇ ಸಮನೆ ಎಳೆಯುತ್ತ ಹೋಗಬೇಕು. ಅದರ ಬಾಯಿಯಲ್ಲಿ ಹಿಮ್ಮುಖವಾಗಿ ಬಾಗಿದ ಮುಳ್ಳುಗಳಿವೆ, ಅಂಟೂ ಇರುತ್ತದೆ. ಚರ್ಮ ಸ್ವಲ್ಪ ಎದ್ದು ನಿಂತಿತು, ಆಮೇಲೆ ಉಣುಗು ಬಿಟ್ಟುಕೊಂಡಿತು. ಸಾಬೂನು ಹಾಕಿ ತೊಳೆಸಿ, ಉಣುಗನ್ನು ಸೆಲ್ಲೋಟೇಪಿನ ನಡುವೆ ಅಂಟಿಸಿ, ಮೇಲೆ ತಾರೀಕು ಬರೆದು ಅವನ ಕೈಗೆ ಕೊಟ್ಟೆ. ಉಗುರಿನಲ್ಲಿ ಕುಟ್ಟಿ ಸಾಯಿಸುವ ಅಭ್ಯಾಸ ಬೇಡವೇ ಬೇಡ. ಬಾಯಿಯ ಚೂರು ಚರ್ಮದಲ್ಲಿ ಉಳಿದರೂ ಸೂಜಿಯಿಂದ ಕೆದಕಬೇಡಿ, ದಿನ ಕಳೆದಂತೆ ಅದೇ ಹೊರಬೀಳುತ್ತದೆ.

ಆ ಹುಡುಗ ಕೇಳಿದ, ‘ಅಂಕಲ್, ಇಪ್ಪತ್ತನಾಲ್ಕು ಗಂಟೆಯೊಳಗೆ ತೆಗೆದರೆ ಏನೂ ಆಗಲ್ಲ ಅಂತಾರಲ್ಲ?’ ಅದು ಅಮೆರಿಕದ ಮಾತು. ಅಲ್ಲಿ ಮತ್ತು ಯುರೋಪಿನಲ್ಲಿ ಉಣುಗಿನಿಂದ ಬರುವ ಲೈಮ್ ಕಾಯಿಲೆ ಬ್ಯಾಕ್ಟೀರಿಯಾದ್ದು. ಉಣುಗು ಬಹಳ ಹೊತ್ತು ಕಚ್ಚಿಕೊಂಡಿದ್ದರೆ ಮಾತ್ರ ಅದು ಸಾಮಾನ್ಯವಾಗಿ ದಾಟುತ್ತದೆ. ಅಲ್ಲಿರುವ ನಮ್ಮವರಿಗೆ ಆ ಲೆಕ್ಕ ಸರಿ. ನಮ್ಮದು ವೈರಾಣು. ಇದರ ಬಳಗದ್ದೇ ಆದ ಯುರೋಪಿನ ಉಣುಗಿನ ಮೆದುಳುಜ್ವರದ ವೈರಾಣು ಜೊಲ್ಲಿನಲ್ಲೇ ಇದ್ದು, ಕಚ್ಚಿದ ಸ್ವಲ್ಪ ಹೊತ್ತಿಗೇ ಮೈ ಸೇರುತ್ತದೆ. ಹಾಗಾಗಿ ಮಲೆನಾಡಿನಲ್ಲಿ ಗಂಟೆ ಎಣಿಸುತ್ತ ಕೂರುವಂತಿಲ್ಲ. ಕಂಡ ಕೂಡಲೇ ತೆಗೆಯಿರಿ, ಆಮೇಲೆ ಎರಡು ವಾರ ಮೈಮೇಲೆ ನಿಗಾ ಇಡಿ.

ನನಗೆ ಹೆಚ್ಚು ಆತಂಕವಿರುವುದು ಈ ಎರಡು ವಾರದ ಬಗ್ಗೆಯೇ. ಕಡಿತವಾಗಿ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ. ಅಷ್ಟು ಹೊತ್ತಿಗೆ ನೀವು ಬೆಂಗಳೂರಿನಲ್ಲಿ ಆಫೀಸಿನಲ್ಲಿರುತ್ತೀರಿ. ಏಕಾಏಕಿ ಚಳಿಜ್ವರ, ಹಣೆ ಸಿಡಿಯುವ ತಲೆನೋವು, ಏಳಲಾರದಷ್ಟು ಮೈಕೈ ನೋವು, ವಾಂತಿ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿರುತ್ತದೆ. ನಗರದ ವೈದ್ಯರು ಡೆಂಗಿ ಎಂದುಕೊಳ್ಳುವುದು ಸಹಜ. ನೀವಾಗಿ ಹೇಳದಿದ್ದರೆ ಅವರಿಗೆ ಕಾಡಿನ ಸಂಗತಿ ಹೇಗೆ ಗೊತ್ತಾಗಬೇಕು? ‘ಇಂಥ ದಿನ ಮಲೆನಾಡಿನ ಕಾಡಿನಲ್ಲಿ ನಡೆದಿದ್ದೆ, ಉಣುಗು ಕಚ್ಚಿತ್ತು, ಕೆಎಫ್‌ಡಿ ಪರೀಕ್ಷೆ ಮಾಡಿಸಿ’ ಎಂದು ಬಾಯಿಬಿಟ್ಟು ಹೇಳಿ. ಕಡಿತ ಕಂಡಿರದಿದ್ದರೂ ಹೇಳಿ, ಮರಿ ಕಚ್ಚಿದ್ದು ಎಷ್ಟೋ ಜನರಿಗೆ ತಿಳಿಯುವುದೇ ಇಲ್ಲ. ಆಸ್ಪಿರಿನ್‌ನಂಥ ನೋವಿನ ಮಾತ್ರೆಯನ್ನು ಸ್ವಂತಕ್ಕೆ ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು. ವೈರಾಣುವನ್ನೇ ಕೊಲ್ಲುವ ಔಷಧ ಇದಕ್ಕಿಲ್ಲ. ಬೇಗ ದಾಖಲಾಗಿ, ನೀರಿನಂಶ ಕಾಪಾಡಿಕೊಂಡು, ರಕ್ತಸ್ರಾವದ ಮೇಲೆ ಕಣ್ಣಿಟ್ಟರೆ ಬಹುತೇಕರು ಗುಣವಾಗುತ್ತಾರೆ. ಕಾಯಿಲೆ ಬಂದ ನೂರರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಜ್ವರ ಬಿಟ್ಟಿತೆಂದು ಸುಮ್ಮನಾಗಲೂಬಾರದು, ಕೆಲವರಿಗೆ ಒಂದೆರಡು ವಾರದ ಮೇಲೆ ಮರಳಿ ಬಂದು ಮೆದುಳಿಗೆ ತಟ್ಟುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಮನೆಯವರು ಹೆದರಿ ದೂರ ನಿಲ್ಲಬೇಕಾಗಿಲ್ಲ.

ಲಸಿಕೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. 1990ರ ದಶಕದಿಂದ ಮಲೆನಾಡಿನಲ್ಲಿ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲ ಎಂದು ಈಚಿನ ವರ್ಷಗಳಲ್ಲಿ ನಿಂತುಹೋಯಿತು. ಹೊಸದರ ಕೆಲಸ ನಡೆದಿದೆ. ಅದು ಕೈಗೆ ಬರುವ ತನಕ ಮೈ ನೋಡಿಕೊಳ್ಳುವುದೇ ದಾರಿ. ಚಾರಣಿಗರಿಗೆ ಇದು ವರ್ಷಕ್ಕೆ ನಾಲ್ಕು ದಿನದ ಜಾಗ್ರತೆ. ಕೊಟ್ಟಿಗೆಗೆ ದರಗು, ಒಲೆಗೆ ಸೌದೆ, ತೋಟಕ್ಕೆ ಸೊಪ್ಪು ಎಂದು ದಿನವೂ ಕಾಡಿಗೆ ಹೋಗುವ ಹೆಂಗಸರಿಗೆ, ಕೂಲಿಯವರಿಗೆ ಇಡೀ ಬೇಸಿಗೆ ಹೀಗೇ ಕಳೆಯಬೇಕು. ಮಂಗನ ಕಾಯಿಲೆಯಲ್ಲಿ ನಾನು ನೋಡಿದ ಸಾವುಗಳು ಅವರ ಮನೆಗಳವು.

ಅವರಿಗಾಗಿ ನೀವು ಮಾಡಬಹುದಾದ ಒಂದು ಕೆಲಸ ಇದೆ. ದಾರಿಯಲ್ಲಿ ಸತ್ತ ಮಂಗ ಕಂಡರೆ, ಮುಸುವವಾಗಲಿ ಕೆಂಪು ಮೂತಿಯದಾಗಲಿ, ಹತ್ತಿರ ಹೋಗಬೇಡಿ, ಫೋಟೊಕ್ಕೆಂದು ಬಗ್ಗಬೇಡಿ. ಸತ್ತ ಮೈಯಿಂದ ಇಳಿದ ಉಣುಗುಗಳು ಸುತ್ತಲೇ ಇರುತ್ತವೆ. ಬಂದ ದಾರಿಯಲ್ಲೇ ಹಿಂದೆ ಸರಿದು, ಫೋನಿನಲ್ಲಿ ಜಾಗದ ಗುರುತು ಹಾಕಿಕೊಂಡು, ಮೊದಲು ಸಿಗುವ ಮನೆಯಲ್ಲಿ, ಅರಣ್ಯ ಗಾರ್ಡ್ ಬಳಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಂದೇ ತಿಳಿಸಿ. ನಮ್ಮವರು ಬಂದು ಸತ್ತ ಜಾಗದ ಸುತ್ತ ಮೆಲಾಥಿಯಾನ್ ಪುಡಿ ಹರಡುತ್ತಾರೆ, ಮಂಗದ ಮಾದರಿ ಪರೀಕ್ಷೆಗೆ ಹೋಗುತ್ತದೆ, ಆ ಕಡೆ ಸೊಪ್ಪಿಗೆ ಹೋಗಬೇಡಿ ಎಂದು ಊರಿಗೆ ಹೇಳುತ್ತಾರೆ. ನೀವು ಬೆಂಗಳೂರು ತಲುಪಿದ ಮೇಲೆ ಹೇಳಿದರೆ ಆಗಲೇ ಯಾರಾದರೂ ಬುಟ್ಟಿ ಹಿಡಿದು ಅಲ್ಲಿ ಹೋಗಿ ಬಂದಿರುತ್ತಾರೆ.