ಲೋಹ ಮಣಿಯುವ ಲೆಕ್ಕ

ಮನೆ ಕಟ್ಟುವ ಕಡೆ ಕಂಬಿ ಕೆಲಸದವರು 8 ಮಿ.ಮೀ. ಕಂಬಿಯಿಂದ ರಿಂಗ್ ಮಾಡುವುದನ್ನು ಗಮನಿಸಿ. ಮೂಲೆ 90 ಡಿಗ್ರಿಗೆ ನಿಲ್ಲಬೇಕಾದರೆ ಅವರು ತುಸು ಹೆಚ್ಚೇ ಬಾಗಿಸುತ್ತಾರೆ. ಹಿಡಿತ ಸಡಿಲಿಸಿದೊಡನೆ ಕಂಬಿ ಕೊಂಚ ಹಿಂದಕ್ಕೆ ಬರುತ್ತದೆ, ಮಿಕ್ಕ ಬಾಗು ಹಾಗೇ ಉಳಿಯುತ್ತದೆ. ಹೀಗೆ ಉಳಿಯುವ ಬಾಗಿಗೆ ಗಣಿತ ಕಟ್ಟುವ ಶಾಸ್ತ್ರವೇ ಪ್ಲಾಸ್ಟಿಸಿಟಿ ಸಿದ್ಧಾಂತ.

ಒಂದೇ ದಿಕ್ಕಿಗೆ ಎಳೆದರೆ ಲೋಹ ಯಾವಾಗ ಮಣಿಯುತ್ತದೆ, ಅಂದರೆ ಮರಳಿ ಬಾರದಂತೆ ಆಕಾರ ಬದಲಿಸುತ್ತದೆ ಎಂಬ ಲೆಕ್ಕ ಸುಲಭ. ಎಫ್‌ಇ 500 ಕಂಬಿಯ ಹೆಸರಲ್ಲೇ ಉತ್ತರವಿದೆ: ಚದರ ಮಿ.ಮೀ.ಗೆ 500 ನ್ಯೂಟನ್. ಅಂದರೆ 8 ಮಿ.ಮೀ. ಕಂಬಿ ಸುಮಾರು 2.5 ಟನ್ ಭಾರದವರೆಗೆ ಮಣಿಯುವುದಿಲ್ಲ. ಆದರೆ ಯಂತ್ರದ ಭಾಗವೊಂದನ್ನು ಒಮ್ಮೆಲೇ ಎಳೆದು, ಒತ್ತಿ, ತಿರುಚಿದರೆ ಅದು ಯಾವಾಗ ಮಣಿಯುತ್ತದೆ? ನಿಜವಾದ ಕಗ್ಗಂಟು ಇದು.

ಇದಕ್ಕೆ ಮೊದಲು ಕೈಹಾಕಿದವರು ಪ್ಯಾರಿಸ್ಸಿನ ಆನ್ರಿ ಟ್ರೆಸ್ಕಾ. 1864ರ ಹೊತ್ತಿಗೆ ಅವರು ಸೀಸದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ, ಸಿಲಿಂಡರಿನಲ್ಲಿಟ್ಟು ಭಾರೀ ಒತ್ತಡ ಹಾಕಿದರು. ಚಕ್ಕುಲಿ ಒರಳಿನಿಂದ ಹಿಟ್ಟು ಇಳಿದಂತೆ ತಳದ ತೂತಿನಿಂದ ಸೀಸ ಹೊರಬಂತು. ಅದನ್ನು ಉದ್ದಕ್ಕೆ ಸೀಳಿ ನೋಡಿದರೆ ಹಾಳೆಗಳು ಹೇಗೆ ಬಾಗಿ ಹರಿದಿವೆ ಎಂಬುದು ಗೆರೆಗೆರೆಯಾಗಿ ಕಾಣುತ್ತಿತ್ತು. ಘನವಸ್ತು ಹರಿಯುತ್ತದೆ! ಪದರಗಳನ್ನು ಜಾರಿಸುವ ಬಲ ಒಂದು ಮಿತಿ ಮುಟ್ಟಿದಾಗ ಲೋಹ ಮಣಿಯುತ್ತದೆ ಎಂದು ಅವರು ಹೇಳಿದರು. ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಅವರದ್ದೂ ಒಂದು.

ಬೇರೆಬೇರೆ ದಿಕ್ಕಿನ ಬಲಗಳು ಸೇರಿದಾಗಿನ ಮಣಿಯುವ ಮಿತಿಯನ್ನು ಟ್ರೆಸ್ಕಾ ನಿಯಮದಂತೆ ಚಿತ್ರವಾಗಿ ಬರೆದರೆ ಷಡ್ಭುಜ ಮೂಡುತ್ತದೆ: ಅದರೊಳಗೆ ಇರುವವರೆಗೆ ಲೋಹ ಮಣಿಯುವುದಿಲ್ಲ, ಗೆರೆ ಮುಟ್ಟಿದರೆ ಮಣಿಯುತ್ತದೆ. ಮೂಲೆಗಳು ಗಣಿತಕ್ಕೆ ತೊಡಕು. 1913ರಲ್ಲಿ ರಿಚರ್ಡ್ ವಾನ್ ಮಿಸೆಸ್ ಆ ಆರೂ ಮೂಲೆಗಳನ್ನು ಮುಟ್ಟುವ ವೃತ್ತವೊಂದನ್ನು ಎಳೆದರು. ಲೆಕ್ಕ ಸಲೀಸಾಗಲಿ ಎಂಬುದೇ ಅವರ ಉದ್ದೇಶ. ಟ್ರೆಸ್ಕಾ ಹೇಳಿದ್ದೇ ಸತ್ಯ, ತಮ್ಮದು ಅದಕ್ಕೆ ಹತ್ತಿರದ್ದು ಎಂದೇ ಅವರು ಭಾವಿಸಿದ್ದರು. ಎರಡರ ನಡುವಿನ ಅಂತರ ಹೆಚ್ಚೆಂದರೆ ಶೇ 15. ಕೇಂಬ್ರಿಜ್‌ನ ಜಿ.ಐ. ಟೇಲರ್ ಮತ್ತು ಕ್ವಿನ್ನಿ ತಾಮ್ರ, ಅಲ್ಯೂಮಿನಿಯಂ, ಉಕ್ಕಿನ ಕೊಳವೆಗಳನ್ನು ಏಕಕಾಲಕ್ಕೆ ಎಳೆದು ತಿರುಚಿ 1931ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಅಳತೆಗಳು ವೃತ್ತದ ಕಡೆಗೇ ವಾಲಿದ್ದವು. ಅನುಕೂಲಕ್ಕೆಂದು ಎಳೆದ ಗೆರೆಯೇ ಲೋಹದ ಸ್ವಭಾವಕ್ಕೆ ಹೆಚ್ಚು ಹತ್ತಿರವಾಗಿತ್ತು. ಈ ಶಾಸ್ತ್ರದಲ್ಲಿ ನನಗೆ ಇದಕ್ಕಿಂತ ಸೊಗಸಾದ ಘಟ್ಟ ಇನ್ನೊಂದಿಲ್ಲ. ವಾನ್ ಮಿಸೆಸ್ ಅವರ ಇದೇ ನಿಯಮವನ್ನು ಪೋಲೆಂಡಿನ ಹೂಬರ್ 1904ರಲ್ಲೇ ಬರೆದಿದ್ದರು. ಪೋಲಿಷ್ ಭಾಷೆಯಲ್ಲಿದ್ದುದರಿಂದ ಹೊರಗಿನವರು ಬಹುಕಾಲ ಓದಲೇ ಇಲ್ಲ.

ಮಣಿಯುವುದೇಕೆ ಎಂಬುದಕ್ಕೆ ಉತ್ತರ 1934ರಲ್ಲಿ ಸಿಕ್ಕಿತು. ಹರಳಿನೊಳಗಿನ ಪರಮಾಣು ಸಾಲುಗಳಲ್ಲಿ ದೋಷಗಳಿರುತ್ತವೆ, ಅವು ಸರಿಯುತ್ತಾ ಹೋದಂತೆ ಲೋಹ ಜಾರುತ್ತದೆ ಎಂದು ಟೇಲರ್, ಒರೊವಾನ್, ಪೊಲಾನಿ ಮೂವರೂ ಬೇರೆಬೇರೆಯಾಗಿ ತೋರಿಸಿದರು.

ಮಣಿದ ಲೋಹ ಮೊದಲಿನಂತೆ ಇರುವುದಿಲ್ಲ. ಎಳೆದಷ್ಟೂ ಗಟ್ಟಿಯಾಗುತ್ತದೆ, ಅಂದರೆ ವೃತ್ತ ಹಿಗ್ಗುತ್ತದೆ. ಆದರೆ ಎಳೆದದ್ದನ್ನು ತಿರುಗಿ ಒತ್ತಿದರೆ ಬೇಗ ಸೋಲುತ್ತದೆ. 19ನೇ ಶತಮಾನದಲ್ಲೇ ಮ್ಯೂನಿಕ್‌ನ ಬೌಷಿಂಗರ್ ಇದನ್ನು ಕಂಡಿದ್ದರು. ಆದ್ದರಿಂದ ವೃತ್ತ ಹಿಗ್ಗುವುದರ ಜೊತೆಗೆ ಜಾಗ ಬಿಟ್ಟು ಸರಿಯುತ್ತದೆ ಎಂದೂ ಸಮೀಕರಣಕ್ಕೆ ಸೇರಿಸಬೇಕಾಯಿತು. ಭೂಕಂಪದಲ್ಲಿ ಕಟ್ಟಡದ ಉಕ್ಕು ಅತ್ತಿತ್ತ ಬಾಗುವುದನ್ನು ಲೆಕ್ಕ ಹಾಕುವವರಿಗೆ ಇದೇ ಆಧಾರ. ಎಷ್ಟು ಹಿಗ್ಗುತ್ತದೆ, ಎಷ್ಟು ಸರಿಯುತ್ತದೆ ಎಂಬುದನ್ನು ಮಾತ್ರ ಆಯಾ ಉಕ್ಕನ್ನು ಪ್ರಯೋಗಾಲಯದಲ್ಲಿ ಎಳೆದು, ಒತ್ತಿಯೇ ತಿಳಿಯಬೇಕು.