ಅಂಜನಾದ್ರಿಯ ಮೆಟ್ಟಿಲು, ಸ್ನಾಯುವಿನ ಬಾಗಿಲು

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸಮೀಪದ ಅಂಜನಾದ್ರಿಯನ್ನು ಏರಿದವರು ಬಲ್ಲರು: 575 ಮೆಟ್ಟಿಲುಗಳಲ್ಲಿ ನೂರು ಮುಗಿಯುವಷ್ಟರಲ್ಲಿಯೇ ತೊಡೆ ಬಿಗಿಯುತ್ತದೆ, ಏದುಸಿರು ಬರುತ್ತದೆ. ಹೊರಗೆ ಕಾಣುವುದು ಇಷ್ಟೇ. ಒಳಗಿನ ವ್ಯಾಪಾರವಾದರೋ ಬೇರೆಯೇ.

ಸ್ನಾಯು ಕುಗ್ಗಿ ಹಿಗ್ಗಬೇಕಾದರೆ ಎ.ಟಿ.ಪಿ. ಎಂಬ ಅಣು ಬೇಕು. ಅದರ ಸಂಗ್ರಹ ಕೆಲವೇ ಕ್ಷಣಗಳಿಗೆ ಸಾಲುವಷ್ಟು. ವೆಚ್ಚವಾದಂತೆಲ್ಲ ಜೀವಕೋಶವು ಹೊಸದನ್ನು ತಯಾರಿಸುತ್ತಲೇ ಇರಬೇಕು. ವೆಚ್ಚ ಹೆಚ್ಚಿತೆಂಬುದನ್ನು ಎ.ಎಂ.ಪಿ.ಕೆ. ಎಂಬ ಕಿಣ್ವವು ಗುರುತಿಸುತ್ತದೆ. ಇಂತಹ ಹಲವು ಸಂಕೇತಗಳ ಕರೆಗೆ ಗ್ಲುಟ್-4 ಎಂಬ ಪ್ರೋಟೀನುಗಳು ಜೀವಕೋಶದ ಅಂಚಿಗೆ ಬಂದು, ಬಾಗಿಲುಗಳಂತೆ ನಿಂತು, ರಕ್ತದ ಸಕ್ಕರೆಯನ್ನು ಒಳಕ್ಕೆ ಬಿಡುತ್ತವೆ.

ಮಧುಮೇಹಿಗಳು ಗಮನಿಸಬೇಕಾದ ಸಂಗತಿ ಇಲ್ಲಿದೆ. ವಿಶ್ರಾಂತಿಯಲ್ಲಿ ಈ ಬಾಗಿಲನ್ನು ತೆರೆಯಿಸುವುದು ಇನ್ಸುಲಿನ್. ಎರಡನೆಯ ಬಗೆಯ ಮಧುಮೇಹದಲ್ಲಿ ಜೀವಕೋಶವು ಅದರ ಕರೆಗೆ ಸರಿಯಾಗಿ ಓಗೊಡದು. ದುಡಿಯುವ ಸ್ನಾಯುವಾದರೋ ಆ ಕರೆಗೆ ಕಾಯದೆ ತಾನೇ ಬಾಗಿಲು ತೆರೆಯುತ್ತದೆ!

1967ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಹಾಲೊಸ್ಜಿ ಇಲಿಗಳನ್ನು ವಾರಗಟ್ಟಲೆ ಓಡಿಸಿ, ಅವುಗಳ ಸ್ನಾಯುಗಳಲ್ಲಿ ಶಕ್ತಿಯ ಕುಲುಮೆಗಳಾದ ಮೈಟೊಕಾಂಡ್ರಿಯಗಳ ಸಾಮರ್ಥ್ಯ ಸುಮಾರು ಇಮ್ಮಡಿಯಾದುದನ್ನು ತೋರಿಸಿದರು.

ಆದರೆ ಈ ಲಾಭ ಕೂಡಿಟ್ಟ ಹಣವಲ್ಲ. ಒಂದು ದಿನದ ನಡಿಗೆಯಿಂದ ಸ್ನಾಯುವಿಗೆ ಬಂದ ಗುಣ ಒಂದೆರಡು ದಿನಗಳಲ್ಲಿಯೇ ಕರಗುತ್ತದೆ. ವರ್ಷಕ್ಕೊಮ್ಮೆ ಬೆಟ್ಟ ಹತ್ತಿದರೆ ಪುಣ್ಯ ಬಂದೀತು, ಆರೋಗ್ಯ ಬಾರದು. ಕುಷ್ಟಗಿ, ಯಲಬುರ್ಗಾಗಳ ಹೊಲಗಳಲ್ಲಿ ನೇಗಿಲ ಹಿಂದೆ ನಡೆದ ಹಿರಿಯರಿಗೆ ವ್ಯಾಯಾಮವು ದುಡಿಮೆಯಲ್ಲಿಯೇ ದೊರೆಯುತ್ತಿತ್ತು. ಟ್ರ್ಯಾಕ್ಟರಿನ ಮೇಲೆ, ಮೇಜಿನ ಮುಂದೆ ಕುಳಿತ ನಾವು ಅದನ್ನು ದಿನವೂ ಅರಸಿ ಪಡೆಯಬೇಕು. ಔಷಧಿ ಸೇವಿಸುತ್ತಿರುವವರು ವೈದ್ಯರನ್ನು ಕೇಳಿ ಆರಂಭಿಸಲಿ. ನಾಳೆಗೆ ಮಾತ್ರ ಮುಂದೂಡದಿರಲಿ.