ಫಿಟ್ಸ್ ಕಾಯಿಲೆ: ಮಾತ್ರೆ ಬಚ್ಚಿಡುವುದೇಕೆ?

ದೇರಳಕಟ್ಟೆಯಲ್ಲಿ ಬಸ್ಸಿಳಿದರೆ ಬಿಳಿ ಕೋಟಿನ ಮಕ್ಕಳೇ ಕಾಣುತ್ತಾರೆ. ಅವರಲ್ಲಿ ಈಗ ನಮ್ಮ ಬ್ಯಾರಿ ಮನೆಗಳ ಹುಡುಗ ಹುಡುಗಿಯರೂ ಧಾರಾಳ ಇದ್ದಾರೆ. ನಾವೂ ಅವರಲ್ಲಿ ಕೆಲವರು. ಮೆದುಳು, ನರಗಳ ವಿಷಯದಲ್ಲಿ ಆಸಕ್ತಿಯುಳ್ಳವರು ಸೇರಿ ಒಂದು ವಿದ್ಯಾರ್ಥಿ ಕ್ಲಬ್ ನಡೆಸುತ್ತಿದ್ದೇವೆ.

ಇಂಥ ಕ್ಲಬ್‌ಗಳು ಹಲವು ದೇಶಗಳ ವಿಶ್ವವಿದ್ಯಾಲಯಗಳಲ್ಲಿವೆ. 1996ರಲ್ಲಿ ಅಮೆರಿಕದಲ್ಲಿ ಶುರುವಾದ ಮೆದುಳು ಜಾಗೃತಿ ಸಪ್ತಾಹವನ್ನು ಮಾರ್ಚ್ ತಿಂಗಳಲ್ಲಿ ಆಚರಿಸುವುದು, ಹೈಸ್ಕೂಲ್ ಮಕ್ಕಳನ್ನು 'ಬ್ರೈನ್ ಬೀ' ಸ್ಪರ್ಧೆಗೆ ತಯಾರು ಮಾಡುವುದು ಅವುಗಳ ಮುಖ್ಯ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ಮ್ಯೂಸಿಯಂ ನೋಡಿದವರಿಗೆ ಈ ಆಸಕ್ತಿ ಹೇಗೆ ಹುಟ್ಟುತ್ತದೆ ಎಂದು ಹೇಳಬೇಕಿಲ್ಲ. ಅಲ್ಲಿ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಸುಮಾರು 1.4 ಕೆ.ಜಿ. ತೂಕ, ಅಷ್ಟೆ. ನಮ್ಮ ನೆನಪು, ಸಿಟ್ಟು, ಪ್ರೀತಿ ಎಲ್ಲದಕ್ಕೂ ಅದೇ ಬೇಕು.

ಇದೇ ಹುರುಪಿನಲ್ಲಿ ನಾವು ಒಂದು ಮಹಲ್ಲಕ್ಕೆ ಹೋದೆವು. ಮದ್ರಸದ ಹಾಲ್‌ನಲ್ಲಿ ಮಹಿಳೆಯರಿಗಾಗಿ ಕಾರ್ಯಕ್ರಮ. ಪ್ಲಾಸ್ಟಿಕ್ ಮೆದುಳು, ಇಂಗ್ಲಿಷ್ ಚಾರ್ಟು ಎಲ್ಲ ಹೊತ್ತು ಹೋಗಿದ್ದೆವು. ಅರ್ಧ ಗಂಟೆ ಮಾತಾಡಿದರೂ ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಕೊನೆಗೆ ಚಾರ್ಟು ಮಡಚಿಟ್ಟು ಬ್ಯಾರಿಯಲ್ಲೇ ಮಾತು ಶುರು ಮಾಡಿದಾಗ ಹಿಂದಿನ ಸಾಲಿನ ಒಬ್ಬ ಉಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಮಗಳಿಗೆ ಫಿಟ್ಸ್ ಬರ್ತಿತ್ತು. ಮದುವೆ ನಿಶ್ಚಯ ಆಗಿದೆ. ಹುಡುಗನ ಮನೆಯವರಿಗೆ ಗೊತ್ತಾಗಬಾರದು ಅಂತ ಮಾತ್ರೆ ನಿಲ್ಲಿಸಿದ್ದೇವೆ. ತೊಂದರೆ ಉಂಟಾ?"

ತೊಂದರೆ ಉಂಟು, ದೊಡ್ಡದೇ ಉಂಟು. ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ, ಬಿಡದೆ ಬರಬಹುದು. ಪ್ರಾಣಕ್ಕೇ ಅಪಾಯ. ಇದನ್ನು ಹೇಳಿ, ನಾಳೆಯೇ ಡಾಕ್ಟರನ್ನು ಕಾಣಿ ಎಂದು ಕಳಿಸಿದೆವು. ಅಂದಿನಿಂದ ನಮ್ಮ ಕ್ಲಬ್‌ನ ಕೆಲಸವೂ ಬದಲಾಯಿತು.

ಮೆದುಳಿನ ಜೀವಕೋಶಗಳು ಸಣ್ಣ ವಿದ್ಯುತ್ ಸಂಕೇತಗಳಲ್ಲಿ ಮಾತಾಡಿಕೊಳ್ಳುತ್ತವೆ. ಒಂದಷ್ಟು ಕೋಶಗಳು ಲಂಗುಲಗಾಮಿಲ್ಲದೆ ಒಟ್ಟಿಗೆ ಸಂಕೇತ ಬಿಟ್ಟಾಗ ಬರುವುದೇ ಫಿಟ್ಸ್. ಅದು ಜಿನ್ ಅಲ್ಲ, ಯಾರದೋ ಕಣ್ಣೂ ಅಲ್ಲ. ಸಾವಿರ ವರ್ಷ ಹಿಂದೆಯೇ ಇಬ್ನು ಸೀನಾ ಇದನ್ನು ತಮ್ಮ ವೈದ್ಯಗ್ರಂಥದಲ್ಲಿ ಕಾಯಿಲೆಯಾಗಿ ವಿವರಿಸಿದ್ದಾರೆ. ದುಆ ಮಾಡಿ, ಮಂತ್ರಿಸಿದ ನೀರು ಕುಡಿಸಿ, ನಾವು ಬೇಡ ಅನ್ನುವುದಿಲ್ಲ. ಜೊತೆಗೆ ಮಾತ್ರೆ ತಪ್ಪಿಸಬೇಡಿ. ಸರಿಯಾದ ಚಿಕಿತ್ಸೆ ಸಿಕ್ಕರೆ 100ರಲ್ಲಿ 70 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎದುರಿಗೇ ಫಿಟ್ಸ್ ಬಂದರೆ? ಕೈಗೆ ಬೀಗದ ಕೈ ಕೊಡಬೇಡಿ, ಬಾಯಿಗೆ ಚಮಚ ತುರುಕಬೇಡಿ, ನೀರು ಹಾಕಬೇಡಿ, ಅದುಮಿ ಹಿಡಿಯಬೇಡಿ. ತಲೆಯಡಿಗೆ ಮೆತ್ತಗಿನ ಬಟ್ಟೆ ಇಟ್ಟು ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. 5 ನಿಮಿಷ ಕಳೆದರೂ ನಿಲ್ಲದಿದ್ದರೆ, ಅಥವಾ ನಿಂತು ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, 108ಕ್ಕೆ ಕರೆ ಮಾಡಿ.

ರಮಝಾನ್‌ನಲ್ಲಿ ಇನ್ನಷ್ಟು ಎಚ್ಚರ ಬೇಕು. ನಿದ್ದೆಗೆಟ್ಟರೂ, ಮಾತ್ರೆಯ ಹೊತ್ತು ತಪ್ಪಿದರೂ ಫಿಟ್ಸ್ ಮರಳಬಹುದು. ಸಹ್ರಿಗೆ ಒಂದು, ಇಫ್ತಾರ್‌ಗೆ ಒಂದು ಎಂದು ನಾವೇ ನಿರ್ಧರಿಸಬಾರದು. ಕೆಲವು ವಾರ ಮೊದಲೇ ಡಾಕ್ಟರನ್ನು ಕೇಳಬೇಕು. ಉಪವಾಸ ಬೇಡ ಎಂದರೆ ಬೇಸರ ಬೇಡ. ರೋಗಿಗೆ ಕುರ್‌ಆನ್ ರಿಯಾಯಿತಿ ಕೊಟ್ಟಿದೆ. ಈ ಮಾತನ್ನು ಉಸ್ತಾದರು ಹೇಳಿದರೆ ನಾವು ಹೇಳುವುದಕ್ಕಿಂತ ಹೆಚ್ಚು ನಾಟುತ್ತದೆ.

ಮದುವೆಯ ವಿಷಯ. ಫಿಟ್ಸ್ ಇರುವವರು ಮದುವೆಯಾಗಬಹುದು, ಮಕ್ಕಳನ್ನು ಹೆರಬಹುದು. ಆದರೆ ಕೆಲವು ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಆದ್ದರಿಂದ ಬಸಿರಿಗೆ ಮೊದಲೇ ಡಾಕ್ಟರು ಮಾತ್ರೆ ಬದಲಿಸಬೇಕಾಗುತ್ತದೆ. ಗಂಡನಿಗೆ ಗೊತ್ತಿಲ್ಲದೆ ಇದೆಲ್ಲ ನಡೆಯುವುದು ಹೇಗೆ? ನಿಕಾಹ್‌ಗೆ ಮೊದಲೇ ಹೇಳಿಬಿಡುವುದು ಮಗಳಿಗೂ ಕ್ಷೇಮ, ಸಂಬಂಧಕ್ಕೂ ಕ್ಷೇಮ. ಹುಡುಗನ ಮನೆಯವರೂ ಅಷ್ಟೆ, ಕೇಳಿದ ಕೂಡಲೇ ಎದ್ದು ಹೋಗುವ ಮೊದಲು ಒಮ್ಮೆ ಡಾಕ್ಟರ ಹತ್ತಿರ ಕೂತು ಮಾತಾಡಲಿ.

ಆ ಉಮ್ಮ ಆಮೇಲೆ ಏನು ಮಾಡಿದರೋ ನಮಗೆ ತಿಳಿಯಲಿಲ್ಲ. ಹೆಸರೂ ಕೇಳಿರಲಿಲ್ಲ. ಈ ಪುಟ ಅವರ ಮನೆಗೂ ತಲುಪಲಿ ಎಂದೇ ಬರೆದೆವು.